ಬಂದೂಕಿನ ಬುಡದ ಭಾರ

ಬಂದೂಕು ಒದೆಯುತ್ತದೆ. ಗುಂಡು ಎಷ್ಟು ಜೋರಾಗಿ ಮುಂದೆ ಹೋಗುತ್ತದೋ ಅಷ್ಟೇ ಜೋರಾಗಿ ಅದರ ಬುಡ ಹಿಂದೆ ಬಂದು ಹೆಗಲಿಗೆ ಗುದ್ದುತ್ತದೆ. ಬೆಳೆ ಕಾಯಲಿಕ್ಕೆ ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ಬಂದೂಕು ಇಟ್ಟುಕೊಂಡವರು ಈಗ ಕಡಿಮೆ. ನಾನು ಸಣ್ಣವನಿದ್ದಾಗ ಗುಡ್ಡದ ಅಂಚಿನ ಊರುಗಳಲ್ಲೆಲ್ಲ ಒಬ್ಬರಿಬ್ಬರು ಇದ್ದೇ ಇರುತ್ತಿದ್ದರು. ಕೂಡ್ಲಿಗಿ ಕಡೆಯವರಿಗೆ ಕರಡಿಯ ಭಯ, ಹರಪನಹಳ್ಳಿ ತಾಲೂಕಿನ ಅರಸೀಕೆರೆ ಕಡೆಯ ನಮಗೆ ಹಂದಿಯ ಕಾಟ. ಆ ಬಂದೂಕುಗಳ ಕಟ್ಟಿಗೆ ಸೀಳಿದರೆ, ಸವೆದರೆ ನಮ್ಮ ಮನೆಗೆ ತರುತ್ತಿದ್ದರು. ನಮ್ಮದು ಬಡಿಗತನ. ಬಾಗಿಲು, ಬಂಡಿ, ನೇಗಿಲಿನ ಜೊತೆಗೆ ಇದೂ ಒಂದು ಕೆಲಸ.

ಬುಡದ ಕಟ್ಟಿಗೆಯನ್ನು ಕೊರೆದು ಒಳಗೆ ಸೀಸದ ತುಂಡು ಇಡುವುದನ್ನು ಅಪ್ಪ ಕಲಿಸಿದ್ದ. ಬುಡ ಭಾರವಾದರೆ ಒದೆ ಮೆತ್ತಗಾಗುತ್ತದೆ. ಎಷ್ಟು ಭಾರ ಇಡಬೇಕು ಎಂಬುದನ್ನು ಬಂದೂಕು ಹೇಳುವುದಿಲ್ಲ, ಹಿಡಿಯುವವರ ಹೆಗಲು ಹೇಳಬೇಕು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ. ಬಂದೂಕು ತಂದವರನ್ನು ಅಂಗಳದಲ್ಲಿ ನಿಲ್ಲಿಸಿ, ಅವರ ಬಲ ಹೆಗಲಿನ ಕುಳಿಯ ಮೇಲೆ ಅಂಗೈ ಇಟ್ಟು ಒಮ್ಮೆಲೇ ತಳ್ಳುವುದು. ಕೆಲವರು ಕಂಬದ ಹಾಗೆ ನಿಲ್ಲುತ್ತಾರೆ, ಕೆಲವರು ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ. ಅದನ್ನು ನೋಡಿ ಸೀಸ. ಗಾದೆಪ್ಪನನ್ನು ಹಾಗೆ ತಳ್ಳಿದಾಗ ಅವನು ಅಲ್ಲಾಡಲಿಲ್ಲ. "ಯಾಕ ಮಾವ, ಊಟ ಮಾಡಿಲ್ಲೇನು? ಇನ್ನೊಮ್ಮೆ ತಳ್ಳು" ಎಂದು ನಕ್ಕಿದ್ದ. ಅವನ ಬಂದೂಕಿಗೆ ಹುಣಸೆಬೀಜದಷ್ಟು ಸೀಸ ಇಟ್ಟಿದ್ದೆ, ಅದೂ ಪದ್ಧತಿ ತಪ್ಪಬಾರದೆಂದು.

ಆ ಗಾದೆಪ್ಪ ಹೋದ ವರ್ಷ, ಮೆಕ್ಕೆಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ತೀರಿಕೊಂಡ. ಬೆಳಗಿನ ಜಾವ ಹೊಲದ ಅಂಚಿನಲ್ಲಿ ಒಂಟಿ ಹಂದಿ ಎದುರಾಗಿ ನುಗ್ಗಿ ಬಂದಿದೆ. ಇವನು ಹೊಡೆದಿದ್ದಾನೆ. ಗುಂಡು ಹಂದಿಯ ಮೇಲಿಂದ ಹಾದು ಹಿಂದಿನ ಬೇವಿನ ಮರದ ಕೊಂಬೆಗೆ ತಾಗಿದೆ. ಇನ್ನೊಂದು ತೋಟಾ ತುಂಬುವಷ್ಟು ಹೊತ್ತು ಹಂದಿ ಕೊಡಲಿಲ್ಲ.

ಮೊದಲು ಓಡಿಹೋದವನು ಅವನ ಅಣ್ಣ ಅಂಜಿನೇಯಲು. ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಾಗ ಅಂಗಿಯಿಂದ ಬ್ರಾಂಡಿಯ ವಾಸನೆ ಬಂತಂತೆ. ಅಳುತ್ತಲೇ ಅದನ್ನು ಹೇಳಿಬಿಟ್ಟ. ಹೇಳಿದ ಮಾತು ಊರು ಸುತ್ತಿತು. ಗಾದೆಪ್ಪ ಕುಡಿದಿದ್ದ, ಹಂದಿ ಬಿಟ್ಟು ಆಕಾಶಕ್ಕೆ ಹೊಡೆದ. ಮೂರು ಊರಿನವರು ಹಂದಿ ಬಂದರೆ ಕರೆಯುತ್ತಿದ್ದ ಮನುಷ್ಯನಿಗೆ ಸತ್ತ ಮೇಲೆ ಆ ಹೆಸರು ಉಳಿಯಿತು. ಚಹಾದಂಗಡಿಯಲ್ಲಿ ಯಾರಾದರೂ ಗ್ಲಾಸು ಕೈಜಾರಿಸಿದರೆ "ಏನಲೇ, ಗಾದೆಪ್ಪನ ಗುರಿ ಆತಲ್ಲ" ಅನ್ನುವುದು ರೂಢಿಯಾಯಿತು. ನಾನು ಅಲ್ಲಿ ಚಹಾ ಕುಡಿಯುವುದನ್ನು ಬಿಟ್ಟೆ. ಅದಕ್ಕಿಂತ ಹೆಚ್ಚಿನದೇನೂ ನನ್ನಿಂದ ಆಗಲಿಲ್ಲ. ವಾಸನೆ ಬಂದಿದ್ದಂತೂ ನಿಜವೇ ಆಗಿತ್ತು.

ಬಂದೂಕು ಠಾಣೆಯಲ್ಲಿತ್ತು. ಗಾದೆಪ್ಪನ ಮಗಳು ಶಿವಲೀಲಾ ಅರ್ಜಿ ಹಾಕಿದಳು, ಓಡಾಡಿದಳು. ಹರಪನಹಳ್ಳಿಯಲ್ಲಿ ಪಿಯುಸಿ ಓದಿ ಬಂದ ಒಬ್ಬಳೇ ಮಗಳು. ಹೊಲ ಅವಳೇ ನೋಡಬೇಕು, ಗುಡ್ಡದ ಹಂದಿ ಸತ್ತವರ ಹೊಲವೆಂದು ಬಿಡುವುದಿಲ್ಲ. ಮುಂದಿನ ಬೆಳೆ ಮೊಳಕಾಲೆತ್ತರ ಬಂದಾಗ ಲೈಸೆನ್ಸ್ ಅವಳ ಹೆಸರಿಗಾಯಿತು. ಸಂತೆ ಬಂದೋಬಸ್ತಿಗೆ ಹೊರಟಿದ್ದ ಪೊಲೀಸ್ ಓಬಳೇಶ್ ಅವಳನ್ನೂ ಬಂದೂಕನ್ನೂ ಬೈಕಿನಲ್ಲಿ ಕೂಡಿಸಿಕೊಂಡು ಬಂದು ನನ್ನ ಅಂಗಳದಲ್ಲಿ ಇಳಿಸಿದ.

"ಬಡಿಗೇರ ತಾತ, ಇದನ್ನ ನನ್ನ ಹೆಗಲಿಗೆ ಹೊಂದಿಸಿಕೊಡು" ಅಂದಳು ಶಿವಲೀಲಾ.

ಓಬಳೇಶನಿಗೆ ಮಾತು ಬೇಕು. "ತಾತ, ನಮ್ಮ ಠಾಣ್ಯಾಗಿನ ರೈಫಲ್ಲು ಬಿಚ್ಚಿ ನೋಡೀಯೇನು? ಒಂದು ಹೊಡದ್ರ ಮುಂದಿನ ತೋಟಾ ತಾನೇ ಏರಿಸ್ಕೊಂತೈತಿ. ಬುಡದಾಗ ಸ್ಪ್ರಿಂಗು. ಕೆಲವು ಫಾರಿನ್ ರೈಫಲ್ಲಿನಾಗ ಸ್ಪ್ರಿಂಗಿನ ಮುಂದ ಒಂದು ತೂಕದ ಗುಂಡೂ ಇರ್ತೈತಂತ. ಹಗುರ ಇಟ್ರ ಒದಿತೈತಿ, ಭಾರ ಇಟ್ರ ತೋಟಾನ ಏರಂಗಿಲ್ಲ. ಕಂಪನ್ಯಾಗ ಲೆಕ್ಕ ಹಾಕಿ ಇಡ್ತಾರ."

"ನಮ್ದು ಅಂಗೈ ಕಂಪನಿನಪ್ಪ" ಅಂದೆ.

"ಹಂಗಾರ ಒಂದು ರೈಫಲ್ಲು ತಂದು ಕೊಡ್ಲೇನು, ರಿಪೇರಿ ಮಾಡ್ತೀ?"

"ತಾ. ಆಮ್ಯಾಲೆ ಇಬ್ರೂ ಒಂದ ಲಾಕಪ್ಪಿನಾಗ ಕುಂತು ಮಾಡೂಣು."

ಅವನು ನಗುತ್ತ ಬೈಕು ಒದ್ದು ಹೋದ. ಶಿವಲೀಲಾ ನಗಲಿಲ್ಲ.

ಅವಳನ್ನು ಅಂಗಳದ ನಡುವೆ ನಿಲ್ಲಿಸಿದೆ. ಹೆಣ್ಣುಮಗಳು, ಮೆಲ್ಲಗೇ ತಳ್ಳೋಣ ಎಂದುಕೊಂಡು ಬಲ ಹೆಗಲಿನ ಮೇಲೆ ಅಂಗೈ ಇಟ್ಟೆ. ತಳ್ಳುವ ಮೊದಲೇ ಅವಳು "ಯವ್ವಾ" ಎಂದು ಅಲ್ಲೇ ಕುಸಿದು ಕೂತಳು. ಕಣ್ಣಲ್ಲಿ ನೀರು.

"ಎಂದಿನಿಂದ ಐತವ್ವಾ ಇದು?"

"ಅವ್ವನ್ನ ಎತ್ತಾಕ ಹತ್ತಿದಾಗಿಂದ. ಮೊದ್ಲು ಅಪ್ಪನ ಎತ್ತತಿದ್ದ. ನನಗ ಮುಟ್ಟಾಕ ಬಿಡತಿದ್ದಿಲ್ಲ, ನಿನ್ನ ನಡು ಹಿಡಿತೈತಿ, ಆ ಕಡೆ ಸರಿ ಅಂತಿದ್ದ. ಈಗ ನಾನ ಎತ್ತತೀನಿ. ಎಲ್ಲಾ ಭಾರ ಈ ಹೆಗಲಿಗೇ ಬೀಳ್ತೈತಿ."

ಅವಳವ್ವ ಭರಮಮ್ಮನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿ ಮೂರು ವರ್ಷ. ದೊಡ್ಡ ದೇಹ. ಮೊದಲಿನಿಂದಲೂ ಪಡಸಾಲೆಯಲ್ಲಿ ಚಹಾಪುಡಿ, ಸಕ್ಕರೆ ಮಾರುವ ಸಣ್ಣ ಅಂಗಡಿ ಇಟ್ಟವಳು. ಕಾಲು ಹೋದ ಮೇಲೂ ಮಂಚದ ಮೇಲೆ ಕೂತು ಬಲಗೈಯಿಂದಲೇ ತಕ್ಕಡಿ ಹಿಡಿಯುತ್ತಾಳೆ. ಬೆಳಿಗ್ಗೆ ಅವಳನ್ನು ಮಂಚದಿಂದ ಎತ್ತಿ ಹೊರಗಿನ ಬಿಸಿಲಿಗೆ, ಬಿಸಿಲೇರಿದಾಗ ಮತ್ತೆ ಒಳಕ್ಕೆ. ಗಾದೆಪ್ಪ ಅವಳನ್ನು ಹೊತ್ತು ಬಾಗಿಲು ದಾಟುವುದನ್ನು ಓಣಿಯವರೆಲ್ಲ ನೋಡಿದ್ದೇವೆ.

ನಾನು ಬಂದೂಕು ಎತ್ತಿಕೊಂಡೆ. ತೋಟಾ ಇಲ್ಲದ್ದನ್ನು ನೋಡಿ, ನಳಿಗೆಯೂ ಕಟ್ಟಿಗೆಯೂ ಕೂಡುವ ಜಾಗವನ್ನು ತೋರುಬೆರಳಿನ ಮೇಲಿಟ್ಟೆ. ಸರಿಯಾದ ಬಂದೂಕು ಅಲ್ಲಿ ತಕ್ಕಡಿಯ ದಂಡದ ಹಾಗೆ ಮಟ್ಟಸವಾಗಿ ನಿಲ್ಲಬೇಕು. ಇದು ನಿಲ್ಲಲಿಲ್ಲ. ಬುಡ ದಪ್ಪನೆ ಕೆಳಗಿಳಿದು ಮೂತಿ ಆಕಾಶ ನೋಡಿತು. ಮತ್ತೆ ಇಟ್ಟೆ. ಮತ್ತೆ ಹಾಗೇ.

"ಇದು ನಾ ಇಟ್ಟ ಭಾರ ಅಲ್ಲ" ಅಂದೆ.

ಬುಡದ ತಗಡಿನ ಸ್ಕ್ರೂಗಳ ತಲೆ ಗಾಯವಾಗಿದ್ದವು. ಈಳಿಗೆಯ ತುದಿಯಿಂದಲೋ ಏನೋ ತಿರುವಿದ್ದಾರೆ. ಬಿಚ್ಚಿದೆ. ನಾನು ಕೊರೆದ ತೂತನ್ನು ಯಾರೋ ಒರಟಾಗಿ ಅಗಲ ಮಾಡಿದ್ದರು. ಬಾಯಿಗೆ ಸೀರೆಯ ಚೂರು ತುರುಕಿತ್ತು. ಎಳೆದೆ. ಸೈಕಲ್ಲಿನ ಬೇರಿಂಗ್ ಗುಂಡುಗಳು ನೆಲಕ್ಕೆ ಉದುರಿ ಉರುಳಿದವು. ಅದರ ಹಿಂದೆ ಮತ್ತೊಂದು ಚೂರು ಬಟ್ಟೆ, ಮುರಿದ ಕುಡುಗೋಲಿನ ತುಂಡು. ಅದರ ಹಿಂದೆ ಬ್ಯಾಟರಿಯಿಂದ ಬಿಡಿಸಿದ ಸೀಸದ ಉಂಡೆ. ಆಮೇಲೆ ಐವತ್ತು ಗ್ರಾಮಿನ ಕಬ್ಬಿಣದ ತೂಕದ ಬಟ್ಟು. ಎಲ್ಲದರ ಒಳಗೆ, ತಳದಲ್ಲಿ, ನಾನಿಟ್ಟ ಹುಣಸೆಬೀಜ.

ಒಂದೇ ದಿನ ತುಂಬಿದ್ದಲ್ಲ ಅದು. ಬಟ್ಟೆಯ ಚೂರುಗಳು ಒಂದಕ್ಕಿಂತ ಒಂದು ಹಳತು. ಒಮ್ಮೆ ಸಾಲದಾದಾಗ ಇನ್ನೊಂದು, ಅದೂ ಸಾಲದಾದಾಗ ಮತ್ತೊಂದು.

ಶಿವಲೀಲಾ ತನ್ನ ಹೆಗಲನ್ನು ತಾನೇ ಹಿಡಿದುಕೊಂಡಳು. ನಾನು ಹೇಳಬೇಕಾಗಲಿಲ್ಲ.

"ಅಪ್ಪಂದೂ ಇದ ಹೆಗಲು ಹೋಗಿತ್ತೇನು ತಾತ?"

"ಹೋಗಿರಬೇಕವ್ವಾ. ಒದೆ ತಡಿಯಾಕ ಆಗದ, ಭಾರ ಹಾಕ್ಕೊಂತ ಹೋಗ್ಯಾನ. ಬುಡಕ್ಕ ಹಾಕಿದಷ್ಟ ಮುಂದೂ ಹಾಕಬೇಕು. ಇಲ್ಲಾಂದ್ರ ಎತ್ತಿ ಹಿಡಿದ ಕೂಡ್ಲೆ ಮೂತಿ ಮ್ಯಾಲ ಏಳ್ತೈತಿ. ಅದು ಅವನಿಗೆ ಗೊತ್ತಿದ್ದಿಲ್ಲ."

"ನಿನ್ನ ಕಡೆ ಯಾಕ ಬರಲಿಲ್ಲ?"

ನಾನು ನನ್ನ ಅಂಗೈ ನೋಡಿಕೊಂಡೆ. ಬಂದಿದ್ದರೆ ಅಂಗಳದಲ್ಲಿ ನಿಲ್ಲಿಸಿ ತಳ್ಳುತ್ತಿದ್ದೆ. ಅವಳ ಹಾಗೆ ಅವನೂ ಕೂಗಿಕೊಳ್ಳುತ್ತಿದ್ದ. ಯಾಕೆ ಎಂದು ಕೇಳುತ್ತಿದ್ದೆ. ಹೆಂಡತಿಯನ್ನು ಎತ್ತಿ ಎತ್ತಿ ಹೆಗಲು ಹೋಯಿತೆಂದು ಅವನು ಹೇಳಬೇಕಾಗುತ್ತಿತ್ತು. ನಮ್ಮದು ಸಣ್ಣ ಊರು, ಭರಮಮ್ಮನ ಅಂಗಡಿಗೆ ಬರುವವರ ಬಾಯಲ್ಲೇ ಆ ಮಾತು ಅವಳ ಮಂಚಕ್ಕೆ ಬರುತ್ತಿತ್ತು.

ಶಿವಲೀಲಾ ಬೇರಿಂಗ್ ಗುಂಡುಗಳನ್ನು ಒಂದೊಂದಾಗಿ ಆರಿಸಿದಳು. ಆಮೇಲೆ ಅಂದಳು: "ಹೊಲದ ಗುಡಿಸಲಾಗ ಬ್ರಾಂಡಿ ಬಾಟ್ಲಿ ಸಿಕ್ಕಿತ್ತು ತಾತ. ನನಗ ನಾಚಿಕಿ ಆತು. ಯಾರಿಗೂ ಹೇಳ್ದಂಗ ಹಳ್ಳಕ್ಕ ಒಗದೆ. ತಳದಾಗ ಬೆಳ್ಳಗ ಏನೋ ಕೂತಿತ್ತು, ಕರ್ಪೂರದ ವಾಸನಿ."

"ಕರ್ಪೂರ ಹಾಕಿದ ಬ್ರಾಂಡಿ ಕುಡಿಯಾಕ ಅಲ್ಲವ್ವಾ, ಹಚ್ಚಿ ತಿಕ್ಕಾಕ. ಕೀಲುನೋವಿಗೆ ನಮ್ಮವ್ವನೂ ಅದನ್ನ ತಿಕ್ಕತಿದ್ಲು."

ಅವಳು ಆಗ ಅತ್ತಳು. ಅಪ್ಪ ತೀರಿಕೊಂಡ ದಿನ ಅಷ್ಟು ಅತ್ತಿದ್ದನ್ನು ನಾನು ನೋಡಿರಲಿಲ್ಲ. ತಾನೂ ಊರಿನವರಂತೆಯೇ ನಂಬಿದ್ದೆ ಎಂಬ ಸಂಕಟ ಅದು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ನೇರ ನನ್ನ ಮುಖ ನೋಡಿದಳು.

"ತಾತ, ಇದು ಇಲ್ಲೇ ಇರ್ಲಿ. ಹೊರಗ ಹೇಳಬ್ಯಾಡ."

"ಅಪ್ಪನ ಹೆಸರು?"

"ಅಪ್ಪನ ಹೆಸರು ಉಳಿಸಾಕ ಹೋದ್ರ ಅವ್ವ ಉಳಿಯಂಗಿಲ್ಲ. ನನ್ನಿಂದ ಹೋದ ಅಂತ ಅನ್ನ ಬಿಡ್ತಾಳ. ಯಾವುದನ್ನ ಮುಚ್ಚಿಡಾಕ ಅವ ಇಷ್ಟು ಕಬ್ಬಿಣ ತುಂಬಿದ್ನೋ ಅದನ್ನ ನಾ ಹೆಂಗ ತೆಗದು ತೋರಿಸ್ಲಿ?"

ಬಂದೂಕು ಬಿಟ್ಟು ಹೋಗು ಅಂದೆ.

ಆ ವಾರವೆಲ್ಲ ಅದರ ಜೊತೆಗೇ ಕೂತೆ. ಒರಟು ತೂತಿಗೆ ಕಟ್ಟಿಗೆ ತುಂಬಿ ಮತ್ತೆ ಕೊರೆದೆ. ನೋಯುವ ಹೆಗಲಿಗೆ ಎಷ್ಟು ಭಾರ? ಹಗುರ ಇಟ್ಟರೆ ಒಂದೇ ಗುಂಡಿಗೆ ಹೆಗಲು ಹೋಗುತ್ತದೆ. ಭಾರ ಇಟ್ಟರೆ ಮೂತಿ ಏಳುತ್ತದೆ, ಅದೂ ಅಲ್ಲದೆ ಹೊಲದ ತನಕ ಹೊತ್ತುಕೊಂಡು ಹೋಗುವುದೂ ಅದೇ ಹೆಗಲು. ಸೀಸ ಕರಗಿಸುವುದು, ಚೂರು ಇಡುವುದು, ಬೆರಳ ಮೇಲೆ ನಿಲ್ಲಿಸುವುದು, ತೆಗೆಯುವುದು. ಕೊನೆಗೆ ಬುಡದಲ್ಲಿ ಒಂದು ನೆಲ್ಲಿಕಾಯಿಯಷ್ಟು, ಮುಂದಿನ ಕೈ ಹಿಡಿಯುವ ಕಟ್ಟಿಗೆಯೊಳಗೆ ಅದಕ್ಕೆ ತಕ್ಕಷ್ಟು ಉಳಿಸಿದೆ. ಬುಡಕ್ಕೆ ಲಾರಿ ಟ್ಯೂಬಿನ ರಬ್ಬರ್ ದಪ್ಪಗೆ ಮಡಚಿ ಹೊಡೆದೆ. ಎಡ ಹೆಗಲಿಗೂ ಹೊಂದುವಂತೆ ಅಂಚು ಕೆತ್ತಿದೆ. ಬೆರಳ ಮೇಲಿಟ್ಟಾಗ ಬಂದೂಕು ಅತ್ತಿತ್ತ ತೂಗಿ ನಿಂತಿತು. ಗಾದೆಪ್ಪನಿಗೆ ಮಾಡಿಕೊಡಬೇಕಾಗಿದ್ದ ಕೆಲಸ.

ತೆಗೆದ ತುಂಡುಗಳನ್ನು ಒಗೆಯಲು ಮನಸ್ಸಾಗದೆ ಒಂದು ವಸ್ತ್ರದಲ್ಲಿ ಗಂಟು ಕಟ್ಟಿ, ಶಿವಲೀಲಾಳ ಕೈಗೇ ಕೊಟ್ಟರಾಯಿತೆಂದು ಬಂದೂಕಿನ ಜೊತೆ ತೆಗೆದುಕೊಂಡು ಹೋದೆ.

ಪಡಸಾಲೆಯಲ್ಲಿ ಅಂಜಿನೇಯಲು ಕೂತಿದ್ದ. ಭರಮಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದಳು. ಒಂದು ಕೈ, ಹಲ್ಲು, ದಾರ. ಬಂದೂಕು ನೋಡಿದ ಕೂಡಲೇ ಅಂಜಿನೇಯಲುವಿನ ಮುಖ ಕಪ್ಪಿಟ್ಟಿತು.

"ಮತ್ತ ತಂದ್ಯಾ ಇದನ್ನ? ಶಿವಲೀಲಾ, ನಾ ಹೇಳಿದ್ದೆ, ಸರಕಾರಕ್ಕ ಒಪ್ಪಿಸಿ ಬಿಡು ಅಂತ. ಇದನ್ನ ನೋಡಿದ್ರ ಜನ ಏನಂತಾರ ಗೊತ್ತೈತೇನು?"

"ಅನ್ಲಿ ಬಿಡು ದೊಡ್ಡಪ್ಪ."

"ಅನ್ಲಿ ಅಂದ್ರ? ಸಂತ್ಯಾಗ ತಲಿ ಎತ್ತಿ ನಡ್ಯಾಕ ಆಗವಲ್ದು ನನಗ. ಕುಡದು ಆಕಾಶಕ್ಕ ಹೊಡದೋನ ಅಣ್ಣ ಅಂತಾರ. ನನ್ನ ತೊಡಿ ಮ್ಯಾಲ ಸತ್ತಾನ ಅವ. ಆ ವಾಸನಿ ನನ್ನ ಮೂಗಿನಾಗಿಂದ ಇನ್ನೂ ಹೋಗಿಲ್ಲ." ಸಿಟ್ಟಿನ ತಳದಲ್ಲಿ ಇದ್ದದ್ದು ಅದು.

ಶಿವಲೀಲಾ ಬಾಯಿ ತೆರೆದಳು, ಅವ್ವನ ಕಡೆ ನೋಡಿದಳು, ಮುಚ್ಚಿಕೊಂಡಳು. ನಾನು ಗಂಟನ್ನು ಮೆಲ್ಲಗೆ ಅವಳ ಕೈಗೆ ದಾಟಿಸಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಸದ್ದಾಯಿತು.

"ಏನದು?" ಅಂದಳು ಭರಮಮ್ಮ.

"ಏನಿಲ್ಲವ್ವಾ. ತುಂಡು ಕಬ್ಬಿಣ."

"ಇಲ್ಲಿ ಕೊಡು."

"ಗುಜರಿ ಐತಿ..."

"ಗುಜರೀನ ಕೊಡವ್ವಾ. ಕೈಕಾಲು ಬಿದ್ದಾವ ನನ್ವು, ಕಿವಿ ಬಿದ್ದಿಲ್ಲ."

ಕೊಡದೆ ದಾರಿ ಇರಲಿಲ್ಲ. ಭರಮಮ್ಮ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಬಿಚ್ಚಿದಳು. ಬೇರಿಂಗ್ ಗುಂಡು ನೋಡಿದಳು, ಕುಡುಗೋಲಿನ ತುಂಡು ನೋಡಿದಳು. ಸೀರೆಯ ಚೂರನ್ನು ಬೆರಳಿನಲ್ಲಿ ಸವರಿದಳು. ಆಮೇಲೆ ಬಟ್ಟು ಕೈಗೆ ಬಂತು.

"ಇದು ನನ್ನ ಐವತ್ತರ ಬಟ್ಟು" ಅಂದಳು. "ಇದಕ್ಕಾಗಿ ಬಾಜೂ ಮನಿ ಶಿವಮ್ಮನ ಮ್ಯಾಲ ಕಳ್ಳತನ ಹೊರಿಸಿದ್ದೆ. ಆಕಿ ಇವತ್ತಿಗೂ ನಮ್ಮ ಅಂಗಡಿ ಮೆಟ್ಲು ಹತ್ತಂಗಿಲ್ಲ." ತಲೆ ಎತ್ತಿ ನನ್ನನ್ನು ನೋಡಿದಳು. "ಎಲ್ಲಿ ಸಿಕ್ತಣ್ಣಾ?"

ನಾನು ನೆಲ ನೋಡಿದೆ. ಅವಳ ಕಣ್ಣು ನನ್ನ ಪಕ್ಕದ ಬಂದೂಕಿಗೆ ಹೋಯಿತು, ಬುಡದ ಹೊಸ ರಬ್ಬರಿನ ಮೇಲೆ ನಿಂತಿತು. ಅವಳೂ ಬಂದೂಕಿನ ಮನೆಯಲ್ಲೇ ಬಾಳಿದವಳು. ಬುಡದಲ್ಲಿ ಭಾರ ಯಾಕೆ ಇಡುತ್ತಾರೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾ ಹೆಗಲು?"

"ಅವ್ವಾ, ಬಿಡು" ಅಂದಳು ಶಿವಲೀಲಾ.

"ನಿನ್ನ ಕೇಳಿಲ್ಲ ನಾನು. ಅಣ್ಣಾ, ಯಾ ಹೆಗಲು ಹೋಗಿತ್ತು ಅವಂದು?"

"ಬಲಗಡಿದು ಇರಬೇಕವ್ವಾ."

ಭರಮಮ್ಮ ಬಟ್ಟನ್ನು ಮುಷ್ಟಿಯೊಳಗೆ ಹಿಡಿದು ಕಣ್ಣು ಮುಚ್ಚಿದಳು.

"ಮೊದ್ಲು ಎದಿಗೆ ಹಾಕ್ಕೊಂಡು ಎತ್ತತಿದ್ದ" ಅಂದಳು. ನಮಗೆ ಹೇಳಿದ ಹಾಗಿರಲಿಲ್ಲ. "ನನ್ನ ತಲಿ ಅವನ ಹೆಗಲ ಮ್ಯಾಲ. ಏನರ ಒಂದು ಮಾತಾಡ್ಕೊಂತ ಬಾಗ್ಲ ದಾಟತಿದ್ವಿ. ಹ್ವಾದ ವರ್ಷದ ಯುಗಾದಿ ಆದ ಮ್ಯಾಲ ಬೆನ್ನ ಹಿಂದ ನಿಂತು ಎತ್ತಾಕ ಹತ್ತಿದ. ಬಗಲಾಗ ಕೈ ಹಾಕಿ ಹಿಂದಕ್ಕ ಎಳಕೊಂಡು ಹೋಗತಿದ್ದ. ಮುಖ ಕಾಣಂಗಿಲ್ಲ. ಮಾತು ಇಲ್ಲ. ನಾ ತಿಳಕೊಂಡೆ, ನಾ ಸಾಕಾದೆ ಅವನಿಗೆ, ನನ್ನ ಮುಖ ನೋಡಾಕ ಹೇಸಿಗಿ ಬಂತು ಅಂತ. ನಾನೂ ಮಾತು ಬಿಟ್ಟೆ."

"ಅವ್ವಾ..."

"ಮುಖ ಹಿಂಡಕೊಂತಿದ್ದ ಅಂತ ಕಾಣ್ತೈತಿ. ನಾ ನೋಡಬಾರದು ಅಂತ ಹಿಂದ ನಿಂದ್ರತಿದ್ದ." ಉಸಿರು ಎಳೆದುಕೊಂಡಳು. "ಆ ಬೆಳಿಗ್ಗಿ ಹೊಲಕ್ಕ ಹೋಗುವಾಗ ಬಾಗ್ಲಾಗ ನಿಂತು ಬರ್ತೀನಿ ಅಂದ. ನಾ ಗ್ವಾಡಿ ಕಡೆ ತಿರುಗಿ ಮಲಕ್ಕೊಂಡಿದ್ದೆ. ಎಚ್ಚರ ಇತ್ತು ನನಗ."

ಶಿವಲೀಲಾ ಮಂಚದ ಕಾಲ ಬಳಿ ಕುಸಿದು ಕೂತಳು. ಅಂಜಿನೇಯಲು ಏನೂ ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತಿದ್ದ. ಭರಮಮ್ಮನೇ ಅವನಿಗೆ ಹೇಳಿದಳು.

"ಭಾವಾ, ಅವ ಕುಡದಿದ್ದಿಲ್ಲ. ನನ್ನ ಹೊತ್ತು ಹೆಗಲು ಮುರಕೊಂಡಿದ್ದ. ಸಂತ್ಯಾಗ ಹಂಗ ಹೇಳ್ರಿ. ಹೆಣ್ತಿ ಭಾರಕ್ಕ ಗುರಿ ತಪ್ತು ಅಂತ ಹೇಳ್ರಿ. ನನಗ ನಾಚಿಕಿ ಇಲ್ಲ."

ನಾನು ಕರ್ಪೂರದ ಮಾತನ್ನು ಹೇಳಿದೆ. ಅಂಜಿನೇಯಲು ಎದ್ದು ನಿಂತ, ಚಪ್ಪಲಿ ಹಾಕಿಕೊಳ್ಳಲು ಹೋಗಿ ಬಾಗಿಲಿನ ಚೌಕಟ್ಟು ಹಿಡಿದು ಅಲ್ಲೇ ನಿಂತುಬಿಟ್ಟ. "ನನ್ನ ಬಾಯಿಂದನ ಹೋತಲ್ಲ ಆ ಮಾತು" ಅಂದ. ಆ ವಾಸನೆಯ ಜೊತೆ ಕರ್ಪೂರವೂ ಇತ್ತೇ ಎಂದು ಆಮೇಲೆ ಎಷ್ಟು ಸಲ ನೆನಪು ಮಾಡಿಕೊಂಡನೋ. ಹೇಳಿದ ಮಾತನ್ನು ಹಿಂದಕ್ಕೆ ತರಲು ಈಗಲೂ ಚಹಾದಂಗಡಿಯಲ್ಲಿ ಕೂತಿರುತ್ತಾನೆ. ಕೇಳುವವರು ಹೂಂಗುಡುತ್ತಾರೆ. ಗ್ಲಾಸು ಜಾರಿದರೆ ಹಳೆಯ ಮಾತೇ ಬರುತ್ತದೆ.

ಶಿವಲೀಲಾ ಹೆದರಿದ್ದೂ ಆಯಿತು. ಮರುದಿನ ಭರಮಮ್ಮ ತನ್ನನ್ನು ಎತ್ತಗೊಡಲಿಲ್ಲ. ಬಿಸಿಲು ಬೇಡ, ಏನೂ ಬೇಡ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ನನ್ನಲ್ಲಿದ್ದ ಹಳೆಯ ತೇಗದ ಹಲಗೆಗೆ ಕೈಗಾಡಿಯ ಗಾಲಿ ಹೊಡೆದು, ಮಂಚದಷ್ಟೇ ಎತ್ತರಕ್ಕೆ ಒಂದು ಉರುಳುವ ಪೀಠ ಮಾಡಿಕೊಟ್ಟೆ. ಮಂಚದಿಂದ ಜರುಗಿದರೆ ಸಾಕು, ಯಾರೂ ಎತ್ತಬೇಕಿಲ್ಲ. ಗಾದೆಪ್ಪ ಒಂದು ಮಾತು ಹೇಳಿದ್ದರೆ ಅಂದೇ ಆಗುತ್ತಿದ್ದ ಕೆಲಸ. ಭರಮಮ್ಮ ಅದನ್ನು ನೋಡಿ, ಜರುಗಿ ಕೂತಳು. ಬಟ್ಟು ಅವಳ ಮುಷ್ಟಿಯಲ್ಲೇ ಇತ್ತು. ಈಗ ತಕ್ಕಡಿಗೆ ಅದನ್ನು ಬಳಸುವುದಿಲ್ಲ.

ತೆನೆ ಹಾಲುಗಟ್ಟಿತು. ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಗುಡ್ಡದ ಕಡೆಯಿಂದ ಒಂದು ಗುಂಡಿನ ಸದ್ದು ಕೇಳಿತು. ನಾನು ಅವರ ಅಂಗಳದಲ್ಲಿ ಪೀಠದ ಗಾಲಿಗೆ ಎಣ್ಣೆ ಬಿಡುತ್ತಿದ್ದೆ. ಭರಮಮ್ಮ ಮಾತು ನಿಲ್ಲಿಸಿದಳು. ಬಂದೂಕು ಹೆಗಲಿಗೇರಿಸಿ ಶಿವಲೀಲಾ ಓಣಿಯ ತಿರುವಿನಲ್ಲಿ ಕಾಣುವ ತನಕ ಅವಳು ಬಟ್ಟನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು.

"ಬೆದರಿ ಗುಡ್ಡಕ್ಕ ಓಡಿದ್ವವ್ವಾ. ಮ್ಯಾಲಕ್ಕ ಹೊಡದೆ" ಅಂದಳು ಶಿವಲೀಲಾ, ಬಂದೂಕನ್ನು ಗೋಡೆಗೆ ಆನಿಸುತ್ತ.

"ಒದೀತೇನು?"

"ಇಲ್ಲವ್ವಾ. ತಾತ ಚೊಲೊ ಮಾಡ್ಯಾನ."

"ಇಲ್ಲಿ ಬಾ."

ಬಂದಳು. ಭರಮಮ್ಮ ಬಟ್ಟನ್ನು ಮಡಿಲಿಗೆ ಹಾಕಿ, ಬಲ ಅಂಗೈಯನ್ನು ಮಗಳ ಹೆಗಲಿನ ಕುಳಿಯ ಮೇಲಿಟ್ಟು ಒತ್ತಿದಳು. ಶಿವಲೀಲಾ ಹಲ್ಲು ಕಚ್ಚಿ, ಮುಖವನ್ನು ಆಚೆ ತಿರುಗಿಸಿದಳು.

"ಈ ಕಡೆ ನೋಡು" ಅಂದಳು ಭರಮಮ್ಮ. "ನನ್ನ ಮುಖ ನೋಡಿ ಹೇಳು."

ಮಗಳು ತಿರುಗಿದಳು.

"ನೋಯ್ತೈತವ್ವಾ" ಅಂದಳು. "ಭಾಳ ನೋಯ್ತೈತಿ."

ಭರಮಮ್ಮ ಕೈ ತೆಗೆಯಲಿಲ್ಲ. ಒತ್ತುವುದನ್ನು ಮಾತ್ರ ಬಿಟ್ಟಳು.